ಬಾಂದ್ರಾ ಪಶ್ಚಿಮ

ಸ್ಟೇಷನ್ನಿನ ಸೇತುವೆ ಹತ್ತಿ
ಈ ಕಡೆ ಇಳಿದರೆ ಪೂರ್ವ, ಆ ಕಡೆ ಇಳಿದರೆ ಪಶ್ಚಿಮ.
ನಡುವೆ ಆರು ಜೋಡಿ ಹಳಿ.
ಬಣ್ಣದ ಡಬ್ಬಿ, ಅಳಿಲುಕೂದಲ ಕುಂಚ,
ಕೈ ನಡುಗದಂತೆ ಊರಿಕೊಳ್ಳುವ ಕೋಲು ಹಿಡಿದು
ನಾನು ಪಶ್ಚಿಮಕ್ಕೆ ಇಳಿದೆ.

ಹಿಲರಿ ಮಿಸ್ಕಿಟ್ಟಾ ಮಾಸ್ತರರ ಮನೆ
ಇಗರ್ಜಿಯ ಹಿಂದಿನ ಗಲ್ಲಿಯಲ್ಲಿ.
ಅವರ ಮಂದಿಗೆ ಈಸ್ಟ್ ಇಂಡಿಯನ್ ಎಂದು ಹೆಸರು,
ಇರುವುದು ಪಡುಗಡಲ ದಂಡೆ.
‘ನಗಬೇಕೆನಿಸಿದರೆ ನಕ್ಕುಬಿಡು,
ನಾವೂ ನಗುತ್ತೇವೆ’ ಎಂದರು.

ಬೋರ್ಡು ಎರಡಡಿಗೆ ಮೂರಡಿ:
ಗ್ರೀಕ್, ಲ್ಯಾಟಿನ್ ಕಲಿಸಲಾಗುವುದು, ಸಂಜೆ ಐದರಿಂದ.
ಪ್ರತಿ ಮಳೆಗಾಲಕ್ಕೆ ಅಕ್ಷರ ಉದುರುವುದು,
ಪ್ರತಿ ದಸರೆಗೆ ನಾನು ಬರುವುದು.
ಹನ್ನೊಂದು ವರ್ಷದಲ್ಲಿ ಸಂಜೆ ಐದಕ್ಕೆ
ಆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟವನು ನಾನೊಬ್ಬನೇ.

ಮೊದಲ ವರ್ಷವೇ ಕೈಯಿಂದ ಹಲಗೆ ಕಿತ್ತುಕೊಂಡು
ತಲೆಕೆಳಗು ಹಿಡಿದರು.
‘ಈ ಎ ನೋಡು. ಏನು ಕಾಣುತ್ತೆ?’
ಮೂತಿ ಕೆಳಗೆ, ಎರಡು ಕೊಂಬು ಮೇಲೆ.
ಜಮಖಂಡಿ ಕಡೆಯವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.
ಎತ್ತು ಅಂದೆ, ಕನ್ನಡದಲ್ಲೇ.
ಅವರಿಗೆ ಕನ್ನಡ ಬಾರದು. ತಿಳಿಯಿತು.

ಸುರುವಾಯಿತು, ಚಹಾ ಆರಿ ಕೆನೆ ಕಟ್ಟುವ ತನಕ.
ಟೈರ್ ಎಂಬ ಊರು (ಲಾರಿಯದಲ್ಲ, ಎಂದರು),
ಅಲ್ಲಿನ ವ್ಯಾಪಾರಿಗಳು ಹಡಗಿನ ಲೆಕ್ಕಕ್ಕೆ
ಎಣ್ಣೆ ಎಷ್ಟು, ಹಗ್ಗ ಎಷ್ಟು, ಉದ್ರಿ ಯಾರದು ಎಂದು
ಗೀಚಿಕೊಳ್ಳುತ್ತಿದ್ದದ್ದು ಇಪ್ಪತ್ತೆರಡು ಗುರುತು.
ಗ್ರೀಕರು ಅದನ್ನು ಕಡ ತಂದರು. ತಿರುಗಿ ಕೊಡಲಿಲ್ಲ.
ಆಮೇಲೆ ಅದರಲ್ಲೇ ಕೇಳಿದರು:
ಲೋಕ ಯಾತರಿಂದ ಆಯಿತು,
ನ್ಯಾಯ ಅಂದರೇನು,
ಊರನ್ನು ಯಾರು ಆಳಬೇಕು.
‘ಗುಲಾಮರನ್ನು ಮಾತ್ರ ಕೇಳಲಿಲ್ಲ’ ಎಂದು
ಮಾಸ್ತರರು ಬಿಸ್ಕಿಟ್ಟು ಮುರಿದರು.

ಟೈರಿನ ಹುಡುಗಿಯೊಬ್ಬಳನ್ನು ಬಿಳಿ ಗೂಳಿ
ಬೆನ್ನ ಮೇಲೆ ಹೊತ್ತು ಕಡಲು ಹಾಯ್ದಿತಂತೆ.
ಹುಡುಕಹೊರಟ ಅಣ್ಣನ ಹತ್ತಿರ ಅಕ್ಷರವಿದ್ದವು.
ತಂಗಿ ಸಿಗಲಿಲ್ಲ,
ಅಕ್ಷರ ಅವನು ಹೋದಲ್ಲೇ ಉಳಿದವು.
ಒಂದು ಖಂಡಕ್ಕೇ ಆಕೆಯ ಹೆಸರು, ಯೂರೋಪಾ.
‘ನಮ್ಮ ಕಡೆಯವಳು ಕಣೋ.
ಇಳಿಯುತ್ತೀಯಾ ಅಂತ ಅವಳನ್ನೂ ಯಾರೂ ಕೇಳಲಿಲ್ಲ.’

ಮೊದಮೊದಲು ಒಂದು ಸಾಲು ಬಲಕ್ಕೆ,
ಮುಂದಿನದು ಎಡಕ್ಕೆ ಬರೆಯುತ್ತಿದ್ದರಂತೆ,
ಎತ್ತು ಬದುವಿನ ತನಕ ಹೋಗಿ ಹೊರಳಿದ ಹಾಗೆ.
ಇದೊಂದನ್ನು ನಾನು ತಕ್ಷಣ ಒಪ್ಪಿದೆ.
ಅಪ್ಪನ ಗಳೆ ಹಾಗೇ ಹೋಗುತ್ತಿತ್ತು.
ಚರ್ಚ್‌ಗೇಟಿಗೆ ಹೋದ ಲೋಕಲ್ಲು
ವಿರಾರಿಗೆ ಬರುವುದೂ ಹಾಗೇ.

ವಿಳಾಸದ ಕೊನೆಗೆ ಇಂಗ್ಲಿಷಿನಲ್ಲಿ ಮುಂಬೈ ಬರೆಯುವಾಗ
ನನ್ನ ಕುಂಚದ ಹಿಂದೆಯೇ ಅವರ ಬೆರಳು:
ನೀರು. ಕೊಕ್ಕೆ. ಮತ್ತೆ ನೀರು.
ಮನೆ. ಎತ್ತು. ಕೈ.
ಪ್ರತಿ ಅಕ್ಷರದ ಹಳೆಯ ಅರ್ಥ.
ಬಂದರಿಗೆ ಇನ್ನೇನು ಬೇಕು ಹೇಳು, ಎಂದರು.
ನಾನು ಬಾಡಿಗೆ ಅಂದೆ.
ಆ ದಿನ ಐವತ್ತು ರೂಪಾಯಿ ಹೆಚ್ಚು ಕೊಟ್ಟರು.

ಹೋದ ಶ್ರಾವಣದಲ್ಲಿ ತೀರಿಕೊಂಡರು.
ನನಗೆ ತಿಳಿದದ್ದು ದಸರೆಗೆ, ಡಬ್ಬಿ ಸಮೇತ ಹೋದಾಗ.
ಕಪಾಟಿದ್ದ ಗೋಡೆಗೆ ಈಗ ಉದ್ದಾನುದ್ದ ಕನ್ನಡಿ,
ನೆಲದ ತುಂಬ ಕಬ್ಬಿಣದ ಗುಂಡು.
‘ಫ್ಲೆಕ್ಸ್ ಬೇಡ, ಕೈಬರಹವೇ ಇರಲಿ,
ಈಗ ಅದೇ ಫ್ಯಾಷನ್’ ಅಂದ ತಮ್ಮನ ಮಗ ಏರನ್.
ಹೆಸರು? ಸ್ಪಾರ್ಟಾ ಜಿಮ್.

ಬರೆದೆ. ಹಲ್ಲು, ಬಾಯಿ,
ಎತ್ತು, ತಲೆ, ಗೀಟು, ಎತ್ತು.
ಒಂದೇ ಹೆಸರಿಗೆ ಜೋಡೆತ್ತು ಹೂಡಿದೆ.
ಅವನು ಫೋನಿನಲ್ಲಿ ಫೋಟೋ ತೆಗೆದ, ಹಣ ಕೊಟ್ಟ,
ಹಳೇ ಹಲಗೆ ಕೇಳಿದೆ, ಕೊಟ್ಟ.

ಸಂಜೆ ಏಳರ ಸೇತುವೆ. ಮೈಗೆ ಮೈ.
ಪೂರ್ವಕ್ಕೆ ಇಳಿಯುವಾಗ ಹಿಂದಿನವನೊಬ್ಬ
‘ಕಾಕಾ, ನಿಮ್ಮ ಬೋರ್ಡು ಉಲ್ಟಾ’ ಎಂದ.
ಇರಲಿ ಬಿಡಪ್ಪಾ ಅಂದೆ,
ಕೊಂಬು ತಾಗೀತು, ಸ್ವಲ್ಪ ಸರಿ.